ಜೀವಕೋಶಗಳು ಹೇಳುವ ವಿಷದ ಸುದ್ದಿ

ಹೇಗ್ ನಗರಕ್ಕೆ ಅಂಟಿಕೊಂಡಿರುವ ನಮ್ಮ ರೈಸ್‌ವೈಕ್ ಪಟ್ಟಣವನ್ನು ಚರಿತ್ರೆ ಬಲ್ಲವರು 1697ರ ಶಾಂತಿ ಒಪ್ಪಂದಕ್ಕಾಗಿ ನೆನೆಯುತ್ತಾರೆ. ವೈದ್ಯನಾದ ನನಗೆ ಇದು ವಿಷಗಳನ್ನು ಅಭ್ಯಸಿಸುವ ಊರು. ಇಲ್ಲಿನ ಲಾಂಗೆ ಕ್ಲೈವೆಖ್ ರಸ್ತೆಯಲ್ಲಿರುವ ಟಿಎನ್‌ಒ ಸಂಸ್ಥೆಯ ಪ್ರಯೋಗಾಲಯದಲ್ಲಿ ರಾಸಾಯನಿಕ ಅಸ್ತ್ರಗಳ ಪತ್ತೆ ಮತ್ತು ಅವುಗಳಿಂದ ರಕ್ಷಣೆಯ ಕುರಿತು ಸಂಶೋಧನೆ ನಡೆಯುತ್ತದೆ. ಅದೇ ರಸ್ತೆಯಲ್ಲಿ ವೈದ್ಯಕೀಯ ಸಂಶೋಧನೆಗೆಂದು ಮಂಗಗಳನ್ನು ಸಾಕಿರುವ ಕೇಂದ್ರವೂ ಇದೆ. ಒಂದು ವಸ್ತು ಹಾನಿಕರವೇ ಎಂದು ತಿಳಿಯಲು ಪ್ರಾಣಿಗಳನ್ನೇ ಬಳಸಬೇಕೆ ಎಂಬ ಪ್ರಶ್ನೆ ಹೀಗಾಗಿ ಇಲ್ಲಿ ಮನೆಬಾಗಿಲಿನದೇ.

ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲೊಂದರ ಮೂಲತತ್ತ್ವ ನಿಮ್ಮ ಮನೆಯಲ್ಲೇ ಇದೆ. ಸಕ್ಕರೆ ಕಾಯಿಲೆಯವರ ಗ್ಲೂಕೋಮೀಟರ್‌ನ ಸ್ಟ್ರಿಪ್ ಮೇಲಿನ ಕಿಣ್ವವು ರಕ್ತದ ಗ್ಲೂಕೋಸಿನೊಡನೆ ವರ್ತಿಸಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರ ಅಳೆಯುತ್ತದೆ. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಮುಂದಿಟ್ಟ ಉಪಾಯವಿದು. ಆದರೆ ಇಂಥ ಸಂವೇದಕ ತಾನು ಹುಡುಕುವ ವಸ್ತುವನ್ನಷ್ಟೇ ಕಾಣಬಲ್ಲದು.

ಕಿಣ್ವದ ಬದಲು ಜೀವಂತ ಕೋಶಗಳನ್ನೇ ಇರಿಸಿದರೆ? ಭೌತವಿಜ್ಞಾನದ ನೊಬೆಲ್ ಪಡೆದಿದ್ದ ಇವಾರ್ ಯೇವರ್, ಚಾರ್ಲ್ಸ್ ಕೀಸ್ ಅವರೊಡಗೂಡಿ 1984ರಲ್ಲಿ ಚಿನ್ನದ ವಿದ್ಯುದ್ವಾರದ ಮೇಲೆ ಕೋಶಗಳನ್ನು ಬೆಳೆಸಿದ ಪ್ರಯೋಗವನ್ನು ಪ್ರಕಟಿಸಿದರು. ಆರೋಗ್ಯವಂತ ಕೋಶಗಳು ಹಾಸಿನಂತೆ ಹರಡಿ ವಿದ್ಯುತ್ತಿಗೆ ತಡೆಯೊಡ್ಡುತ್ತವೆ. ವಿಷ ತಗಲಿದಾಗ ಮುದುಡುತ್ತವೆ, ಕಳಚಿಕೊಳ್ಳುತ್ತವೆ, ತಡೆ ಕುಸಿಯುತ್ತದೆ. ನರಕೋಶಗಳನ್ನು ಸೂಕ್ಷ್ಮ ವಿದ್ಯುದ್ವಾರಗಳ ಸಾಲಿನ ಮೇಲೆ ಬೆಳೆಸಿದರೆ ಅವುಗಳ ಮಿಡಿತವನ್ನೇ ಆಲಿಸಬಹುದು. ವಿಷದ ಹೆಸರು ತಿಳಿಯದಿದ್ದರೂ ಹಾನಿ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇಲ್ಲಿದೆ.

ಇದನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ. ಆ ಜಿಲ್ಲೆಯ ಸರ್ಕಾರಿ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ಮೊದಲು ಗುರುತಿಸಿದವರಲ್ಲಿ ಅಲ್ಲಿಯೇ ವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಪ್ರಮುಖರು. ಪತ್ರಕರ್ತ ಶ್ರೀಪಡ್ರೆ ಅದನ್ನು ನಾಡಿಗೆ ತಿಳಿಸಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಅಷ್ಟು ವರ್ಷ ಸಂವೇದಕವಾಗಿದ್ದವರು ಊರಿನ ಮಕ್ಕಳು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಎಂಡೋಸಲ್ಫಾನ್ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಿಯಾಗುತ್ತದೆ. ಗಾಬಾ ನರಕೋಶಗಳ ಉದ್ರೇಕಕ್ಕೆ ಹಾಕುವ ಕಡಿವಾಣ; ಅದು ತಪ್ಪಿದರೆ ಸೆಳವು. ಬಟ್ಟಲಲ್ಲಿ ಬೆಳೆಸಿದ ನರಕೋಶಗಳಲ್ಲಿ ಇಂಥ ಅಡ್ಡಿ ಮಿಡಿತದ ಏರಿಕೆಯಾಗಿ ಕಾಣುವಂಥದು. ಹಾಗೆಂದು ಬಟ್ಟಲಿನ ಮೇಲೆ ಎಲ್ಲ ಭರವಸೆಯನ್ನೂ ಇಡಲಾಗದು. ಅದರಲ್ಲಿ ಯಕೃತ್ತಿಲ್ಲ, ಗರ್ಭವಿಲ್ಲ. ಬಾವಿಯ ನೀರನ್ನು ಇಪ್ಪತ್ತು ವರ್ಷ ಕುಡಿದವರ ಕಥೆಯನ್ನು ಅದು ಹೇಳಲಾರದು. ಮೊದಲ ಎಚ್ಚರಿಕೆಯನ್ನಂತೂ ಕೊಡಬಲ್ಲದು, ಅದೂ ವಿಮಾನ, ಹೆಲಿಕಾಪ್ಟರು ಮೇಲೇರುವ ಮುನ್ನ.

ಇತ್ತ ಬರಬಯಸುವ ತರುಣ ವೈದ್ಯರಿಗೆ ಒಂದು ಮಾತು. ಇಲ್ಲಿ ರೋಗಿಗಳನ್ನು ನೋಡಲು ನಮ್ಮ ಎಂಬಿಬಿಎಸ್, ಎಂಡಿ ಪದವಿಗಳಷ್ಟೇ ಸಾಲವು; ಬಿಗ್ ನೋಂದಣಿ ಬೇಕು, ಅದಕ್ಕೆ ಡಚ್ ಭಾಷೆ ಚೆನ್ನಾಗಿ ಬರಬೇಕು. ಪ್ರಯೋಗಾಲಯದ ದಾರಿ ಬೇರೆ. ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ವಿಷವಿಜ್ಞಾನ ಮತ್ತು ಪರಿಸರ ಆರೋಗ್ಯದ ಸ್ನಾತಕೋತ್ತರ ಪದವಿ ಇಂಗ್ಲಿಷಿನಲ್ಲೇ ಇದೆ. ಕೀಟನಾಶಕ ಸೇವಿಸಿದವರನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ರಾತ್ರಿಯಿಡೀ ಅಟ್ರೋಪಿನ್ ಕೊಟ್ಟು ಉಳಿಸಿಕೊಂಡವರಿಗೆ ಆ ತರಗತಿಯ ಪಾಠಗಳು ಅಪರಿಚಿತವೆನಿಸಲಾರವು.