ಚಳಿಗಾಲದ ಹಡಗು ಪಣಂಬೂರಿಗೆ

ಕಾರ್ತಿಕ ಕಳೆಯುವ ಹೊತ್ತಿಗೆ ಅರಬ್ಬಿ ಸಮುದ್ರ ಶಾಂತವಾಗಿರುತ್ತದೆ. ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ ಕಲ್ಲಿದ್ದಲು, ಕಚ್ಚಾತೈಲ, ರಸಗೊಬ್ಬರ ಹೊತ್ತು ಬರುವ ಹಡಗುಗಳ ನಡುವೆ ಆಗ ಒಂದೊಂದು ಬೆಳ್ಳನೆಯ ಹಡಗೂ ಬರತೊಡಗುತ್ತದೆ. ಅದರಲ್ಲಿ ಸರಕಿರುವುದಿಲ್ಲ. ಜರ್ಮನಿ, ಬ್ರಿಟನ್, ಅಮೆರಿಕದ ಜನ ಇರುತ್ತಾರೆ, ಹೆಚ್ಚಿನವರು ಕೆಲಸದಿಂದ ನಿವೃತ್ತರಾದವರು. ತಮ್ಮೂರಿನಲ್ಲಿ ಹಿಮ ಸುರಿಯುವ ತಿಂಗಳುಗಳನ್ನು ಬಿಸಿಲಿನ ಕಡಲಲ್ಲಿ ಕಳೆಯಲು ಹೊರಟವರು. ನವೆಂಬರಿನಿಂದ ಮೇ ತಿಂಗಳವರೆಗಿನ ಈ ಕಾಲಕ್ಕೆ ಬಂದರಿನವರು ‘ಕ್ರೂಸ್ ಸೀಸನ್’ ಎನ್ನುತ್ತಾರೆ.

ಇಂಥ ವಿಹಾರಯಾನಗಳ ಆರಂಭವನ್ನು ಬಹುಮಂದಿ 1891ರ ಜನವರಿ 22ಕ್ಕೆ ಗುರುತಿಸುತ್ತಾರೆ. ಎಲ್ಬೆ ನದಿ ಕಡಲು ಸೇರುವಲ್ಲಿರುವ, ಜರ್ಮನಿಯ ಕುಕ್ಸ್‌ಹಾವನ್ ಬಂದರಿನಿಂದ ಅಂದು ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗು 241 ಪ್ರಯಾಣಿಕರೊಂದಿಗೆ ಹೊರಟಿತು. ಅದರ ಹಿಂದಿದ್ದ ತಲೆ ಹ್ಯಾಂಬರ್ಗ್‌ನ ಹಡಗು ಕಂಪನಿಯ ಆಲ್ಬರ್ಟ್ ಬಾಲಿನ್ ಅವರದು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಗಲು ಜನ ಹಿಂಜರಿಯುತ್ತಿದ್ದರು. ಕೋಟಿಗಟ್ಟಲೆ ಬೆಲೆಯ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ನಿಂತರೂ ಖರ್ಚು ತಪ್ಪದ ಹಡಗನ್ನು ಬೆಚ್ಚಗಿನ ಕಡೆಗೆ ಕಳಿಸಿದರೆ ಹೇಗೆ ಎಂದು ಬಾಲಿನ್ ಯೋಚಿಸಿದರು. ಹಲವರು ಇದನ್ನು ಹುಚ್ಚು ಎಂದರು. ಬಾಲಿನ್ ತಾವೇ ಪತ್ನಿಯೊಂದಿಗೆ ಹಡಗು ಹತ್ತಿದರು. ಮೆಡಿಟರೇನಿಯನ್ ಸುತ್ತಿ, ಕೈರೋ, ಇಸ್ತಾಂಬುಲ್, ಅಥೆನ್ಸ್ ಎಲ್ಲ ತೋರಿಸಿ ಎರಡು ತಿಂಗಳೊಳಗೆ ಹಡಗು ಮರಳಿತು. ಊರು ಸೇರುವುದಕ್ಕಲ್ಲದೆ ಕಡಲಲ್ಲಿ ಇರುವುದಕ್ಕೇ ದುಡ್ಡು ಕೊಡುವವರಿದ್ದಾರೆ ಎಂಬುದು ಆ ಯಾನದಿಂದ ಗೊತ್ತಾಯಿತು.

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಹಡಗು ಕಂಪನಿಗಳಿಗೆ ಉಳಿದದ್ದು ಈ ವಿಹಾರದ ವ್ಯಾಪಾರವೇ. ಬೇಸಿಗೆಯಲ್ಲಿ ನಾರ್ವೆ, ಬಾಲ್ಟಿಕ್ ಕಡೆ ಓಡಾಡುವ ಹಡಗುಗಳು ಚಳಿ ಬಂದಾಗ ಕೆರಿಬಿಯನ್‌ಗೋ ದುಬೈಗೋ ಜಾಗ ಬದಲಿಸುತ್ತವೆ. ಇನ್ನು ಕೆಲವು ಜನವರಿಯಲ್ಲಿ ಹ್ಯಾಂಬರ್ಗ್, ಸೌತಾಂಪ್ಟನ್ ಬಿಟ್ಟು ಮೂರು ನಾಲ್ಕು ತಿಂಗಳು ಲೋಕವನ್ನೇ ಸುತ್ತುತ್ತವೆ. ಅವುಗಳಲ್ಲಿ ಕೆಲವು ಮುಂಬೈ, ಗೋವಾದ ಮೊರ್ಮುಗಾವ್ ಮುಗಿಸಿ ಮಂಗಳೂರಿಗೆ ಬರುತ್ತವೆ, ಇಲ್ಲಿಂದ ಕೊಚ್ಚಿ, ಕೊಲಂಬೊ ಕಡೆ ಇಳಿಯುತ್ತವೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದು, ಎಷ್ಟೋ ಕಂಪನಿಗಳು ಸೂಯೆಜ್ ದಾರಿ ಬಿಟ್ಟವು. ಅದರ ಪೆಟ್ಟು ನಮ್ಮ ಕರಾವಳಿಗೂ ತಗುಲಿತು.

ಪಣಂಬೂರಿನ ಬಂದರು ಕಡಲಂಚಿನ ನೆಲವನ್ನೇ ಅಗೆದು ಮಾಡಿದ್ದು. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು, 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು ಸಾಗಿಸಿದ ಈ ಬಂದರಿನಲ್ಲಿ ಈಗ ಪ್ರವಾಸಿಗರಿಗಾಗಿಯೇ ಒಂದು ತಂಗುಕೋಣೆಯೂ ಇದೆ. ಬೆಳಿಗ್ಗೆ ಹಡಗು ಹೊರಗಡಲಿಗೆ ಬಂದಾಗ ಬಂದರಿನ ಪೈಲಟ್ ಹೋಗಿ ಹತ್ತುತ್ತಾರೆ. ಟಗ್ ದೋಣಿಗಳು ಹಡಗನ್ನು ಒತ್ತಿ ದಕ್ಕೆಗೆ ತಂದು ನಿಲ್ಲಿಸುತ್ತವೆ. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಇಳಿದವರಿಗೆ ಚೆಂಡೆಯ ಸದ್ದು, ಯಕ್ಷಗಾನದ ವೇಷ ಎದುರಾಗುತ್ತವೆ. ಸಾಲಾಗಿ ನಿಂತ ಬಸ್ಸು, ಟ್ಯಾಕ್ಸಿ ಹತ್ತಿ ಊರೊಳಗೆ ಚದುರುತ್ತಾರೆ. ಸಂಜೆಯೊಳಗೆ ವಾಪಸ್ಸು ಬರಲೇಬೇಕು, ಹಡಗು ಯಾರಿಗೂ ಕಾಯುವುದಿಲ್ಲ.

ಸಿಗುವುದು ಎಂಟು ಹತ್ತು ತಾಸು. ಅಷ್ಟರಲ್ಲಿ ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಅಂತೋನಿಯೊ ಮೊಸ್ಕೆನಿ ಗೋಡೆ ಚಾವಣಿಯೆಲ್ಲ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್, ಇವುಗಳಲ್ಲಿ ಒಂದೆರಡು ನೋಡಬಹುದು. ಗೇರುಬೀಜದ ಕಾರ್ಖಾನೆಗೂ ಕರೆದೊಯ್ಯುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಹಬೆಯಲ್ಲಿ ಬೆಂದ ಬೀಜವನ್ನು ಕತ್ತರಿಗೆ ಕೊಟ್ಟು ಒಡೆಯುವುದು, ತಿರುಳು ಮುರಿಯದಂತೆ ಬಿಡಿಸುವುದು, ತೆಳು ಸಿಪ್ಪೆ ಕೆರೆಯುವುದು, ಎಲ್ಲ ಬಹುತೇಕ ಹೆಂಗಸರ ಕೈಕೆಲಸ. ಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ. ‘ಡಬ್ಲ್ಯು 320’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಒಂದು ಪೌಂಡಿಗೆ ಸುಮಾರು 320 ಇಡೀ ತಿರುಳು ಎಂದರ್ಥ. ಅಷ್ಟೂ ಒಡೆಯದೆ ಉಳಿದದ್ದು ಆ ಹೆಂಗಸರ ಬೆರಳಿನ ನೈಪುಣ್ಯದಿಂದ. ತಮ್ಮ ಮನೆಯ ತಟ್ಟೆಗೆ ಬರುವ ಗೋಡಂಬಿ ಎಲ್ಲಿಂದ, ಯಾರ ಕೈಯಿಂದ ಬಂತೆಂದು ಪ್ರವಾಸಿಗರು ಅಲ್ಲಿ ಕಣ್ಣಾರೆ ಕಾಣುತ್ತಾರೆ.

ಇಂಥ ಹಡಗುಗಳ ಅಡುಗೆಮನೆ, ಊಟದ ಮನೆ, ಕೊಠಡಿಗಳಲ್ಲಿ ದುಡಿಯುವವರಲ್ಲಿ ಮಂಗಳೂರು, ಗೋವಾದ ಹುಡುಗರೂ ಇದ್ದಾರೆ. ತಿಂಗಳುಗಟ್ಟಲೆ ಮನೆ ಕಾಣದೆ ಪಾಳಿ ಮೇಲೆ ಪಾಳಿ ದುಡಿಯುವ ಅವರಿಲ್ಲದೆ ಈ ಐಷಾರಾಮ ಒಂದು ದಿನವೂ ನಡೆಯದು.

ಕರಾವಳಿಯಲ್ಲಿ ಇಷ್ಟೆಲ್ಲ ನೋಡಿದ ಪ್ರವಾಸಿಗರು ಘಟ್ಟ ಹತ್ತದೆ ಹೋಗುತ್ತಾರಲ್ಲ ಎಂಬುದೇ ಬಯಲುಸೀಮೆಯವನಾದ ನನ್ನ ಕೊರಗು. ಮಂಡ್ಯದಿಂದ ನಾಗಮಂಗಲದ ದಾರಿಯಲ್ಲಿ ನಮ್ಮ ಬಸರಾಳು ಇದೆ. ಹೊಯ್ಸಳ ದೊರೆ ವೀರ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕ ಇಲ್ಲಿ ಮಲ್ಲಿಕಾರ್ಜುನ ದೇವಸ್ಥಾನ ಕಟ್ಟಿಸಿದ. ಕೈಲಾಸ ಎತ್ತುವ ರಾವಣನನ್ನೂ ಕುಣಿಯುವ ಶಿವನನ್ನೂ ಇಲ್ಲಿ ಕೈಯಳತೆಯಲ್ಲಿ ನಿಂತು ನೋಡಬಹುದು. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು. ಆ ಕಾಲದಲ್ಲಿ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆಗಳು ಅರೇಬಿಯಾದಿಂದ ಹಡಗಿನಲ್ಲಿ ಬಂದು ಪಡುವಣ ಕರಾವಳಿಯಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಈ ದೇವಸ್ಥಾನ ಏಳುವ ಮೊದಲೇ, ಹನ್ನೆರಡನೆಯ ಶತಮಾನದಲ್ಲಿ, ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ವ್ಯಾಪಾರ ಮಾಡಿದ್ದ. ಕಡಲಿಗೂ ನಮ್ಮ ಬಯಲಿಗೂ ದಾರಿ ಹೊಸದಲ್ಲ.

ಮುಂಬೈಯಲ್ಲಿ ಇಳಿದು, ತಾಜ್‌ಮಹಲ್ ನೋಡಿ ಬಂದು, ಮುಂದಿನ ಬಂದರಿನಲ್ಲಿ ಹಡಗು ಸೇರಿಕೊಳ್ಳುವ ಪ್ರವಾಸಗಳನ್ನು ಹಡಗು ಕಂಪನಿಗಳು ಮೊದಲಿನಿಂದ ನಡೆಸುತ್ತಿವೆ. ಕೊಚ್ಚಿಯಲ್ಲಿ ರಾತ್ರಿ ತಂಗುವ ಯಾನಗಳಿಗೆ ನಮ್ಮಲ್ಲೂ ಅದನ್ನೇ ಮಾಡಬಹುದು. ಮಂಗಳೂರಿನಲ್ಲಿ ಇಳಿದು ಶಿರಾಡಿ ಘಾಟಿ ಹತ್ತಿ ಬೇಲೂರು, ಹಳೇಬೀಡು ನೋಡಿ ಹಾಸನದಲ್ಲಿ ತಂಗುವುದು, ಮರುಬೆಳಿಗ್ಗೆ ಬಸರಾಳು ನೋಡಿ ಬೆಂಗಳೂರಿನಿಂದ ವಿಮಾನದಲ್ಲಿ ಕೊಚ್ಚಿ ಸೇರುವುದು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ, ಹೊಯ್ಸಳರ ಹೆಸರು ಈಗ ಹೊರಗಿನವರಿಗೂ ಗೊತ್ತು. ಕಂಪನಿಗಳು ತಮ್ಮ ಯಾನದ ವೇಳಾಪಟ್ಟಿಯನ್ನು ಒಂದೂವರೆ ಎರಡು ವರ್ಷ ಮುಂಚೆಯೇ ನಿಗದಿ ಮಾಡುತ್ತವೆ. ಆದ್ದರಿಂದ ಪ್ರವಾಸೋದ್ಯಮ ಇಲಾಖೆ ಅವರೊಂದಿಗೆ ಈಗಲೇ ಮಾತು ಶುರುಮಾಡಬೇಕು. ಜರ್ಮನ್ ಬಲ್ಲ ಒಬ್ಬಿಬ್ಬರು ಮಾರ್ಗದರ್ಶಿಗಳನ್ನು ಮಂಡ್ಯ ಜಿಲ್ಲೆಯಲ್ಲೇ ತಯಾರು ಮಾಡಬೇಕು, ಹೆದ್ದಾರಿಯಲ್ಲಿ ಬಸರಾಳಿನ ಹೆಸರಿನ ಫಲಕ ಹಾಕಬೇಕು, ದೇವಸ್ಥಾನದ ಬಳಿ ಶುಚಿಯಾದ ಶೌಚಾಲಯ ಇರುವಂತೆ ನೋಡಿಕೊಳ್ಳಬೇಕು.