ನಿಮಗಿದು ಗೊತ್ತೇ? ಕುರ್ಚಿಯೊಳಗೆ ಸುಣ್ಣಕಲ್ಲು, ಪಂಪಿನೊಳಗೆ ಗಾಜು

ಯಾದಗಿರಿ ಕಡೆಯ ಹಳೆಯ ಮಾಳಿಗೆ ಮನೆಯ ಗೋಡೆ ಒಡೆದ ಜಾಗದಲ್ಲಿ ಬೆರಳಾಡಿಸಿ. ಮಣ್ಣಿನ ನಡುವೆ ಹುಲ್ಲಿನ ಎಳೆ ಸಿಗುತ್ತದೆ. ಮಣ್ಣು ಒಣಗಿ ಬಿರಿಯದಂತೆ ಹಿಡಿದಿಟ್ಟದ್ದು ಅದೇ. ಪ್ಲಾಸ್ಟಿಕ್ ಕಾರ್ಖಾನೆಯವರ ಉಪಾಯವೂ ಇದೇ. ಹುಲ್ಲಿನ ಜಾಗದಲ್ಲಿ ಗಾಜಿನ ನಾರು, ಅಷ್ಟೆ.

ಆ ನಾರು ಎಷ್ಟು ದಪ್ಪ ಗೊತ್ತೇ? ಸಾಮಾನ್ಯವಾಗಿ 10ರಿಂದ 13 ಮೈಕ್ರಾನ್. ತಲೆಗೂದಲು ಇದರ ಐದಾರು ಪಟ್ಟು ದಪ್ಪ. ಕಾಳಿನ ರೂಪದ ಪ್ಲಾಸ್ಟಿಕ್‌ಗೆ ಬೆರೆಸುವಾಗ ಮೂರ್ನಾಲ್ಕು ಮಿಲಿಮೀಟರ್ ಉದ್ದವಿದ್ದದ್ದು, ಯಂತ್ರದ ತಿರುಪಿನಲ್ಲಿ ಅರೆದು ಅಚ್ಚಿನಿಂದ ಹೊರಬರುವಷ್ಟರಲ್ಲಿ ಅರ್ಧ ಮಿಲಿಮೀಟರಿಗಿಂತ ಚಿಕ್ಕ ತುಂಡಾಗಿರುತ್ತದೆ. ಆದರೂ ಕೆಲಸ ಮಾಡುತ್ತದೆ!

ಎಂಥ ಕೆಲಸ? ಬರಿಯ ನೈಲಾನ್-6 ಭಾರ ಹೊತ್ತಾಗ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೇ ಬಾಗತೊಡಗುತ್ತದೆ. ನೂರಕ್ಕೆ 30 ಪಾಲು ಗಾಜಿನ ನಾರು ಸೇರಿಸಿ, ಅದೇ ಭಾರಕ್ಕೆ 200 ಡಿಗ್ರಿಯವರೆಗೆ ನೆಟ್ಟಗಿರುತ್ತದೆ. ನೈಲಾನ್ ಕರಗುವ ಬಿಸಿ ಮಾತ್ರ ಮೊದಲಿನಂತೆ 220 ಡಿಗ್ರಿಯೇ. ಕಾರಿನ ರೇಡಿಯೇಟರ್‌ನ ಎರಡು ತುದಿಯ ಕಪ್ಪು ಡಬ್ಬಿಗಳು ಕುದಿಬಿಸಿಯಲ್ಲೂ ಸೊಟ್ಟಗಾಗದಿರುವ ಗುಟ್ಟು ಇದು.

ಪ್ಲಾಸ್ಟಿಕ್‌ಗೆ ಬೆರೆಸುವ ಖನಿಜದ ಪುಡಿಯ ಕಥೆ ಬೇರೆ. ಶಹಾಪುರ ತಾಲ್ಲೂಕಿನ ಗೋಗಿ ಸುತ್ತಮುತ್ತ ನೆಲದಡಿ ಇರುವುದು ಭೀಮಾ ಕೊಳ್ಳದ ಸುಣ್ಣಕಲ್ಲು. ಮನೆಮನೆಯ ಪರಸಿ ಕಲ್ಲೂ ಅದೇ ಬಳಗದ್ದು. ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಖನಿಜವನ್ನೇ ನುಣ್ಣಗೆ ಪುಡಿ ಮಾಡಿ ಪ್ಲಾಸ್ಟಿಕ್ ಕುರ್ಚಿಗೂ ಬೆರೆಸುತ್ತಾರೆ. ಗಡಸುತನ ಸ್ವಲ್ಪ ಹೆಚ್ಚುತ್ತದೆ, ಖರ್ಚು ಇಳಿಯುತ್ತದೆ, ಕುರ್ಚಿಯ ಭಾರವೂ ಏರುತ್ತದೆ. ಹಾಗಾಗಿ ಸಂತೆಯಲ್ಲಿ "ಭಾರ ಇದೆ, ಗಟ್ಟಿ ಇದೆ" ಎಂದು ಕುರ್ಚಿ ಎತ್ತಿ ನೋಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಮುರಿದ ಕುರ್ಚಿಯ ಚೂರನ್ನು ಬಕೆಟ್ ನೀರಿಗೆ ಹಾಕಿ ನೋಡಿ. ಕುರ್ಚಿಯ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನ್ ಶುದ್ಧವಾಗಿದ್ದರೆ ತೇಲುತ್ತದೆ. ತೂಕದಲ್ಲಿ ನೂರಕ್ಕೆ 20 ಪಾಲು ಸುಣ್ಣಕಲ್ಲಿನ ಪುಡಿ ಇದ್ದರೆ ಮುಳುಗುತ್ತದೆ. ನಮ್ಮ ಮನೆಯದು ಮುಳುಗಿತು.

ಸ್ಲೇಟಿನ ಮೇಲೆ ಬರೆದ ಬಳಪ ನೆನಪಿದೆಯೇ? ಬಳಪದ ಕಲ್ಲಿನ ಮುಖ್ಯ ಖನಿಜ ಟಾಲ್ಕ್, ಗಡಸುತನದ ಅಳತೆಯಲ್ಲಿ ಎಲ್ಲಕ್ಕಿಂತ ಮೆದು. ಕಾರಿನ ಡ್ಯಾಶ್‌ಬೋರ್ಡು, ಬಂಪರುಗಳಲ್ಲಿ ಅದು ಇರುತ್ತದೆ. ಗಾಜು ಯಂತ್ರದ ಉಕ್ಕನ್ನೇ ಸವೆಸುತ್ತದೆ, ಟಾಲ್ಕ್ ಆ ತಂಟೆ ಕೊಡುವುದಿಲ್ಲ.

ಗಾಜಿಗೆ ಇನ್ನೊಂದು ಕೆಟ್ಟ ಚಾಳಿ. ಅಚ್ಚಿನಲ್ಲಿ ಪ್ಲಾಸ್ಟಿಕ್ ಹರಿದ ದಿಕ್ಕಿಗೇ ನಾರುಗಳು ಸಾಲಾಗಿ ಮಲಗುತ್ತವೆ. ಆರುವಾಗ ವಸ್ತು ಉದ್ದಕ್ಕೆ ಕಡಿಮೆ, ಅಡ್ಡಕ್ಕೆ ಹೆಚ್ಚು ಕುಗ್ಗಿ ತಿರುಚಿಕೊಳ್ಳುತ್ತದೆ. ಚಪ್ಪಟೆಯಾಗಿಯೇ ಇರಬೇಕಾದ ವಸ್ತುವಿಗೆ ಗಾಜಿನ ಜೊತೆ ಅಭ್ರಕದ ಹಾಳೆಪುಡಿ ಬೆರೆಸುವುದು ಇದಕ್ಕೇ.

ಇನ್ನು ಪಂಪಿನ ಮಾತು. ಕೃಷ್ಣೆಯ ಮೇಲಿನ ನಾರಾಯಣಪುರ ಅಣೆಕಟ್ಟೆಯ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಗದ್ದೆಗಳಿಗೆ ಹರಿಯುತ್ತದೆ. ಅದು ಮುಟ್ಟದ ಹೊಲಕ್ಕೆ ಬೋರ್‌ವೆಲ್. ಬೋರಿನೊಳಗಿನ ಸಬ್‌ಮರ್ಸಿಬಲ್ ಪಂಪಿನಲ್ಲಿ ಸಾಮಾನ್ಯವಾಗಿ ಇರುವುದು ನೋರಿಲ್ ಎಂಬ ಪ್ಲಾಸ್ಟಿಕ್ಕಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ಎಲೆಗಳಿರುವ ಚಕ್ರ. ಹಲವು ಬಾರಿ ಅದರಲ್ಲೂ ಗಾಜಿನ ನಾರು. ರಿಪೇರಿಗೆ ಬಿಚ್ಚಿದ ಮೆಕ್ಯಾನಿಕ್ ಒಬ್ಬರು ಸವೆದ ಎಲೆಗಳ ಮೇಲೆ ಉಗುರು ಓಡಿಸಿ, "ಉಸುಕು ತಿಂದದ್ರಿ ಸರ್" ಅಂದರು. ಗಾಜು ಇಂಪೆಲ್ಲರ್‌ಗೆ ಬಿಗಿ ಕೊಡುತ್ತದೆ, ಉಸುಕಿನ ಉಜ್ಜಾಟಕ್ಕೆ ಅದು ಮದ್ದಲ್ಲ.

ಯಾವುದರಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಹಲವು ಬಿಡಿಭಾಗಗಳ ಒಳಮೈಯಲ್ಲಿ ಅದರ ಸಂಕೇತ ಅಚ್ಚೊತ್ತಿರುತ್ತದೆ. ಪಿಎ66-ಜಿಎಫ್30 ಎಂದರೆ ನೈಲಾನ್-66, 30 ಪಾಲು ಗಾಜಿನ ನಾರು. ಪಿಪಿ-ಟಿಡಿ20 ಎಂದರೆ ಪಾಲಿಪ್ರೊಪಿಲೀನ್, 20 ಪಾಲು ಟಾಲ್ಕ್ ಪುಡಿ. ಕುರ್ಚಿಯ ಅಡಿಯಲ್ಲಿ ಹುಡುಕಬೇಡಿ, ಅಲ್ಲಿಗೆ ಬಕೆಟ್ಟೇ ಗತಿ.