ಮನೆತುಂಬ ಸಾಧನಗಳು, ಸರದಿಯ ಶಿಸ್ತು

ಮಂಗಳೂರು ನಗರದ ಕದ್ರಿ, ಬಿಜೈ, ಅತ್ತಾವರ ಮೊದಲಾದ ಕಡೆಗಳಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಒಂದೊಂದು ಮನೆಯಲ್ಲಿಯೂ ನಾಲ್ಕಾರು ಮೊಬೈಲುಗಳು, ಟಿ.ವಿ., ಮಕ್ಕಳ ಲ್ಯಾಪ್‌ಟಾಪು, ಬಾಗಿಲ ಮೇಲೊಂದು ಕ್ಯಾಮೆರಾ. ಇವೆಲ್ಲವೂ ಒಂದೇ ವೈಫೈಯನ್ನು ಆಶ್ರಯಿಸಿರುವುದು ಈಗ ಸಾಮಾನ್ಯ. ರಾತ್ರಿಯ ಊಟದ ಹೊತ್ತಿಗೆ ಪರದೇಶದ ಮಗಳು ವೀಡಿಯೋ ಕರೆಯಲ್ಲಿ ಬಂದರೆ ಅವಳ ಮುಖ ಪರದೆಯ ಮೇಲೆ ಸ್ತಬ್ಧವಾಗುತ್ತದೆ. ಹೆಚ್ಚು ಹಣ ತೆತ್ತು ಹೆಚ್ಚಿನ ವೇಗದ ಸಂಪರ್ಕ ಪಡೆದರೆ ಎಲ್ಲವೂ ಸರಿಹೋದೀತೆಂದು ಗೃಹಸ್ಥರು ನಂಬುತ್ತಾರೆ. ಆದರೆ ದಟ್ಟಣೆಯ ಮೂಲ ಬಹುಮಟ್ಟಿಗೆ ಬೇರೆ ಕಡೆ ಇದೆ.

ಒಂದು ಸಭೆಯಲ್ಲಿ ಇಬ್ಬರು ಒಮ್ಮೆಗೇ ಮಾತನಾಡಿದರೆ ಇಬ್ಬರ ಮಾತೂ ವ್ಯರ್ಥವಾಗುವಂತೆ, ಎರಡು ಯಂತ್ರಗಳ ರೇಡಿಯೋ ಸಂದೇಶಗಳು ಒಂದೇ ಕ್ಷಣದಲ್ಲಿ ಹೊರಟರೆ ಎರಡೂ ಕೆಡುತ್ತವೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ಗಣಕಯಂತ್ರಗಳ ರೇಡಿಯೋ ಜಾಲವನ್ನು ಸ್ಥಾಪಿಸಿದರು. ಪ್ರತಿಯೊಂದು ಯಂತ್ರವೂ ತನಗೆ ಬೇಕಾದಾಗ ಸಂದೇಶ ಕಳುಹಿಸುವ ಆ ಏರ್ಪಾಡಿನಲ್ಲಿ, ಲೆಕ್ಕಾಚಾರದ ಪ್ರಕಾರ, ದಾರಿಯ ಸಾಮರ್ಥ್ಯದಲ್ಲಿ ಶೇ. 18ರಷ್ಟು ಮಾತ್ರ ಸಾರ್ಥಕವಾಗಬಲ್ಲುದು. ಕಾಲವನ್ನು ಸಮಭಾಗಗಳಾಗಿ ಹಂಚಿ, ಭಾಗದ ಆರಂಭದಲ್ಲಷ್ಟೇ ಕಳುಹಿಸಬೇಕೆಂದು ನಿಯಮ ಮಾಡಿದರೆ ಅದು ಶೇ. 37ರ ಸಮೀಪಕ್ಕೆ ಏರುತ್ತದೆ. ದಾರಿ ಅಗಲವಾಗದಿದ್ದರೂ ಶಿಸ್ತಿನಿಂದಲೇ ಫಲ ಇಮ್ಮಡಿಯಾಯಿತು.

ಇಂದಿನ ವೈಫೈ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸಾಧನವು ಮೊದಲು ಕಿವಿಗೊಡುತ್ತದೆ. ದಾರಿ ತೆರವಾದ ಮೇಲೂ ಒಂದಿಷ್ಟು ಗಳಿಗೆ ಕಾದು ಮಾತನಾಡುತ್ತದೆ. ಘರ್ಷಣೆಯಾದರೆ ಮತ್ತಷ್ಟು ಕಾಯುತ್ತದೆ. ಆದರೆ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6 ಮತ್ತು 11 ಎಂಬ ಮೂರೇ. ಸಮುಚ್ಚಯದ ಮನೆಗಳೆಲ್ಲ ಈ ಮೂರರಲ್ಲಿಯೇ ಹೊಂದಿಕೊಳ್ಳಬೇಕಾದುದರಿಂದ, ನೆರೆಮನೆಯ ಟಿ.ವಿ.ಗಾಗಿ ನಮ್ಮ ಮೊಬೈಲು ಕಾಯುತ್ತದೆ.

ಬೀದಿಯ ಮೊಬೈಲ್ ಗೋಪುರದಲ್ಲಿಯೂ ಇದೇ ಸಮಸ್ಯೆ. ಮಳೆಗಾಲದಲ್ಲಿ ಮರ ಉರುಳಿ ಕರೆಂಟು ಹೋಗುವುದು ಕರಾವಳಿಯವರಿಗೆ ಹೊಸತಲ್ಲ. ಅದು ಮರಳಿದೊಡನೆ ಸಿಮ್ ಇರುವ ಕ್ಯಾಮೆರಾ, ಮೀಟರು ಮುಂತಾದವು ಏಕಕಾಲಕ್ಕೆ ಎಚ್ಚೆತ್ತು ಗೋಪುರದ ಕದ ತಟ್ಟುತ್ತವೆ. ಎಲ್ಲವೂ ಒಂದೇ ಅವಧಿ ಕಾದು ಮತ್ತೆ ತಟ್ಟಿದರೆ ಮತ್ತೆ ಘರ್ಷಣೆಯೇ. ಆದುದರಿಂದ ಒಂದೊಂದೂ ಬೇರೆ ಬೇರೆ ಅವಧಿ ಕಾಯುವಂತೆ ತಂತ್ರಜ್ಞರು ವಿಧಿಸಿದ್ದಾರೆ. ಅವಸರವಿಲ್ಲದ ಯಂತ್ರಗಳನ್ನು ತಡೆಹಿಡಿದು, 112ರಂತಹ ತುರ್ತು ಕರೆಗಳಿಗೆ ಬಾಗಿಲು ತೆರೆದಿಡುವ ವ್ಯವಸ್ಥೆಯೂ ಇದೆ. ಮೀಟರಿನ ಲೆಕ್ಕ ಒಂದು ತಾಸು ತಡವಾದರೆ ನಷ್ಟವಿಲ್ಲ. ಹೃದಯಾಘಾತವಾದವರ ಮನೆಯಿಂದ ಹೊರಡುವ ಕರೆ ತಡೆಯಲಾರದು.

ಇಡೀ ದೇಶವೇ ಈ ಸಂಯಮವನ್ನು ಒಮ್ಮೆ ಪಾಲಿಸಿದ್ದುಂಟು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನಿನಿಂದ ಜನರೆಲ್ಲ ಮನೆ ಸೇರಿದಾಗ, ಚಲನಚಿತ್ರ ಬಿತ್ತರಿಸುವ ಪ್ರಮುಖ ಕಂಪನಿಗಳು ಮೊಬೈಲ್ ಜಾಲದಲ್ಲಿ ಚಿತ್ರದ ಸ್ಪಷ್ಟತೆಯನ್ನು ಏಪ್ರಿಲ್ 14ರವರೆಗೆ 480 ರೇಖೆಗಳಿಗೆ ಇಳಿಸಲು ಒಪ್ಪಿದವು. ಮನರಂಜನೆ ತುಸು ಮಸುಕಾದರೂ ಪಾಠಕ್ಕೂ ಕೆಲಸಕ್ಕೂ ದಾರಿ ಉಳಿಯಲೆಂಬುದು ಅದರ ಉದ್ದೇಶ.

ನಮ್ಮ ಕುಟುಂಬಗಳೂ ಇದನ್ನು ಅನುಸರಿಸಬಹುದು. ಒಂದೇ ಕಡೆ ಇರುವ ಟಿ.ವಿ.ಯನ್ನು ತಂತಿಯಿಂದ ಜೋಡಿಸಿರಿ; ಗಾಳಿಯ ದಾರಿ ಅಷ್ಟು ಹಗುರಾಗುತ್ತದೆ. ರೂಟರನ್ನು ಕಪಾಟಿನೊಳಗೆ ಅಡಗಿಸದೆ ಮನೆಯ ನಡುವೆ ಎತ್ತರದಲ್ಲಿಡಿರಿ. ಸಮೀಪದ ಸಾಧನಗಳಿಗೆ 5 ಗಿಗಾಹರ್ಟ್ಸ್ ಬಳಸಿರಿ. ಅದರಲ್ಲಿ ದಾರಿಗಳು ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆಯಾದುದರಿಂದ ನೆರೆಯವರ ಕಾಟವೂ ಕಡಿಮೆ. ಮೊಬೈಲುಗಳ ಅಪ್‌ಡೇಟು, ಫೋಟೋಗಳ ರವಾನೆ ನಡುರಾತ್ರಿಗಿರಲಿ. ಉಪಯೋಗಿಸದ ಹಳೆಯ ಸಾಧನಗಳನ್ನು ವೈಫೈಯಿಂದ ತೆಗೆದುಹಾಕಿರಿ. ಇಷ್ಟಾದ ಮೇಲೂ ಕೊರತೆ ಕಂಡರೆ ಆಗ ಹೆಚ್ಚಿನ ವೇಗಕ್ಕೆ ಹಣ ತೆರುವುದು ಯುಕ್ತ. ಕಾಯುವುದನ್ನು ಯಂತ್ರಗಳು ತಾವೇ ಬಲ್ಲವು. ಯಾವ ಹೊತ್ತಿನಲ್ಲಿ ಯಾರ ಕೆಲಸ ಮೊದಲು ಎಂಬುದನ್ನು ಮನೆಯವರು ಕೂಡಿ ಕುಳಿತು ನಿಶ್ಚಯಿಸಿಕೊಳ್ಳಬೇಕು.